ಗಿಟ್ಟುತ್ತದೆ ಎಂದು ಬಾಯಿಬಿಟ್ಟು

ಜುಲೈ ಹದಿನಾಲ್ಕು, ಭಾನುವಾರ, ಸಂಜೆ ಆರೂಕಾಲು. 'ಗಿಟ್ಟು' ಎಂದರೆ ಹಾಕಿದ ದುಡ್ಡಿಗಿಂತ ಹೆಚ್ಚು ಕೈಗೆ ಬರುವುದು, ಲಾಭವಾಗುವುದು. ಅರ್ಥದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಬಳಕೆಯ ಬಗ್ಗೆ. ಕಲಬುರಗಿಯ ಪೇಟೆಯಲ್ಲಿ ಕೊತ್ತಂಬರಿಯವಳಿಂದ ಬಂಗಾರದಂಗಡಿಯವನವರೆಗೆ ಎಲ್ಲರ ಬಾಯಲ್ಲೂ 'ಗಿಟ್ಟಂಗಿಲ್ರೀ' ಒಂದೇ. ಈ ತಿಂಗಳು ಡೈರಿಯಲ್ಲಿ ಗೆರೆ ಹಾಕಿ ಎಣಿಸಿದೆ. 'ಗಿಟ್ಟತದ' ಎಂದವರ ಕಡೆ ಪುಟ ಖಾಲಿ. ಯಾರಿಗೂ ಗಿಟ್ಟದಿದ್ದರೆ ಊರಂಚಿನ ಶರಣಸಿರಸಗಿಯ ಪ್ಲಾಟುಗಳನ್ನೆಲ್ಲ ಕೊಳ್ಳುತ್ತಿರುವವರು ಯಾರು?

ಇವತ್ತು ಕಮಲಾಪುರಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ರಸ್ತೆ ಬದಿ ಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. "ಚಾ ತರ್ತೀನಿ, ಕೂಡಪಾ. ಯಾರರ ಬಂದ್ರ ಹಣ್ಣ ಕೊಡು, ಮಾತ ಕೊಡಬ್ಯಾಡ" ಎಂದು ಹೋದಳು. ಅಷ್ಟರಲ್ಲಿ ಹಿರಿಯರೊಬ್ಬರು ಹೊಸ ಜೀಪಿನಿಂದಿಳಿದು, "ವ್ಯಾಪಾರ ಹ್ಯಾಂಗ ನಡದದ ತಮ್ಮಾ?" ಎಂದರು. ಇಂಥ ಪ್ರಶ್ನೆಗೂ ಸುಳ್ಳು ಹೇಳಬೇಕೆ? "ಛಲೋ ಗಿಟ್ಟತದ್ರೀ" ಎಂದುಬಿಟ್ಟೆ.

"ಹೌದಾ? ಈ ಗಾಡಿಯಾಕಿ ನನ್ನ ತೋಟದಿಂದ ಹಣ್ಣ ಒಯ್ಯೂವಾಗೆಲ್ಲ ಗಿಟ್ಟಂಗಿಲ್ಲ ಅಂತ ಅಳ್ತಾಳಲ್ಲ! ಹಂಗಾರ ನಾಳಿಂದ ರೇಟ ಏರಸೋಣು."

ಚಹಾ ಹಿಡಿದು ಬಂದ ಕಾಕು ನನ್ನನ್ನೊಮ್ಮೆ ನೋಡಿದಳು. ಹಳೆಯ ರೇಟು ತಪ್ಪಿದರೆ ಅವಳ ಗಾಡಿ ನಿಂತಂತೆಯೇ. "ಅಯ್ಯ ಸಾವ್ಕಾರ್ರೇ, ಇವನ ಮಾತೇನ್ ಹಿಡೀತೀರಿ! ಇವಗ ಕೂಡ್ಸೋದು ಕಳಿಯೋದು ತಿಳಿಯಂಗಿಲ್ಲ. ಮನ್ಯಾಗ ಯಾರೂ ಇವನ ಕೈಯಾಗ ಸಂತಿ ರೊಕ್ಕ ಕೊಡಂಗಿಲ್ಲ."

"ಖರೇ ಏನೋ ತಮ್ಮಾ?"

ನಾನು ಕಲಬುರಗಿಯಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವನು. ಕೂಡಿಸಿ ಕಳೆಯುವುದೇ ನನ್ನ ಅನ್ನ. ಕಾಕು ನನ್ನ ಕಾಲು ತುಳಿದಳು. "ಹೌದ್ರೀ" ಎಂದೆ.

ಸಾಹುಕಾರರಿಗೆ ಕನಿಕರ ಬಂತು, ರೇಟು ಉಳಿಯಿತು. "ಚಿಂತಿ ಮಾಡಬ್ಯಾಡ. ಲೆಕ್ಕ ಬಂದು ನಾ ಏನ್ ಗಳಿಸೀನಿ? ನನಗೂ ತೋಟ ಗಿಟ್ಟಂಗಿಲ್ಲ" ಎನ್ನುತ್ತ ಜೀಪು ಹತ್ತಿದರು. ಕಾಕುವಿನ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಗಿಟ್ಟಿದ್ದು ಹೊಟ್ಟ್ಯಾಗ ಇರಬೇಕು, ಬಾಯಾಗಲ್ಲ!"

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದನ್ನೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಗಾಡಿಯ ಪೇರಲಹಣ್ಣಿನ ಮುದುಕಿ ನನ್ನ ಬಸ್ಸನ್ನೇ ಹತ್ತಿದಳು. ಮಹಾಗಾಂವ ಕ್ರಾಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ಹತ್ತು, ಇದು ಐದು, ತಿಳೀತೇನಪಾ?" ಎಂದು ಒಂದೊಂದಾಗಿ ಎಣಿಸಿ ನನ್ನ ಜೇಬಿಗಿಟ್ಟಳು. ಇಡೀ ಬಸ್ಸು ನೋಡುತ್ತಿತ್ತು. ತಲೆಯಾಡಿಸಿದೆ.

ವ್ಯಾಪಾರಿಯೊಬ್ಬ ತನ್ನ ಬಾಯಿಂದಲೇ 'ಗಿಟ್ಟತದ' ಎಂದದ್ದನ್ನು ಕೇಳಿದವರು ಯಾರಾದರೂ ಇದ್ದರೆ, ದಿನ ಮತ್ತು ಸ್ಥಳ ಸಮೇತ ದಯವಿಟ್ಟು ಬರೆದು ತಿಳಿಸಿ. ಕಮಲಾಪುರದವರು ಬರೆಯುವುದಾದರೆ ತಾರೀಖಿನ ಪಕ್ಕದಲ್ಲಿ ಬೆರಳುಗಳ ಚಿತ್ರ ಬಿಡಿಸುವ ಅಗತ್ಯವಿಲ್ಲ. ನನಗೆ ಅಂಕಿ ಓದಲು ಬರುತ್ತದೆ.