ಕೆಟ್ಟ ರಸ್ತೆಯ ಗಿರಾಕಿಗಳು

ಶನಿವಾರ ಸಂಜೆ ಉಲ್ಲಾಸನ ಫೋನಿಗೆ ಬಂದ ಸಂದೇಶ ಚಿಕ್ಕದೇ. 'ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಅತ್ಯಂತ ಕೆಟ್ಟ ರಸ್ತೆ ಯಾವುದೋ ಅದರಲ್ಲಿ ನಮ್ಮನ್ನು ಕರೆದುಕೊಂಡು ಹೋಗಬೇಕು. ನಾಳೆ ಇಬ್ಬರು ಬರುತ್ತೇವೆ. ಸುಜಯ.'

ಉಲ್ಲಾಸ ಅದನ್ನು ಹೆಂಡತಿ ದಿವ್ಯಾಳಿಗೆ ಪ್ರೇಮಪತ್ರದ ಹಾಗೆ ಎರಡು ಸಲ ಓದಿ ಹೇಳಿದ.

ಶಿರಸಿಯ ಬಸ್ ನಿಲ್ದಾಣದ ಹತ್ತಿರ ಚೆನ್ನಾಗಿಯೇ ನಡೆಯುತ್ತಿದ್ದ ಝೆರಾಕ್ಸ್ ಅಂಗಡಿಯನ್ನು ಭಾವನ ಕೈಗೆ ಕೊಟ್ಟು ಅವನು ನಾಲ್ಕೂ ಚಕ್ರ ಎಳೆಯುವ ಜೀಪು ತಂದು ವರ್ಷವಾಗುತ್ತ ಬಂದಿತ್ತು. ಪೇಟೆಯಿಂದ ಬರುವವರನ್ನು ಗುಡ್ಡದ ದಾರಿಯಲ್ಲಿ ಕುಲುಕಿಸಿ ವಾಪಸು ತಂದು ಬಿಡುವುದು ಹೊಸ ಉದ್ಯೋಗ. ಈ ಉದ್ಯೋಗಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಎಂದರೆ ಕೆಟ್ಟ ರಸ್ತೆ. ಅದೇ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಸಿದ್ದಾಪುರದ ಕಡೆ ಬಹಳ ಒಳ್ಳೆಯದೊಂದು ಕೆಟ್ಟ ರಸ್ತೆ ಇತ್ತು. ಮಳೆಗಾಲಕ್ಕೆ ಮೊದಲು ಅದಕ್ಕೂ ಕಾಂಕ್ರೀಟು ಬಿತ್ತು. ಕಾಂಕ್ರೀಟಿನ ಮೇಲೆ ಹೋಗಲು ಯಾರಾದರೂ ಜೀಪು ಬಾಡಿಗೆಗೆ ಹಿಡಿಯುತ್ತಾರೆಯೇ?

"ಇದೇ ಕೊನೇದು ನೋಡಿ," ಎಂದಳು ದಿವ್ಯಾ. "ಬಂದವ್ರು ಮತ್ತೆ ಬರ್ತೇವೆ ಹೇಳಿ ಬಾಯಿಬಿಟ್ಟು ಹೇಳ್ಬೇಕು. ಇಲ್ದಿದ್ರೆ ಸೋಮವಾರ ಜೀಪಿಗೆ 'ಮಾರಾಟಕ್ಕಿದೆ' ಬೋರ್ಡು, ನೀವು ವಾಪಸ್ ಝೆರಾಕ್ಸಿಗೆ."

ಜೀಪು ಮಾರುವ ಮಾತು ಬಂದಾಗಲೆಲ್ಲ ಉಲ್ಲಾಸ ಎದ್ದು ಹೋಗಿ ಅದನ್ನು ಒರೆಸಲು ಕೂರುತ್ತಿದ್ದ. ಅದರ ಮೂತಿಗೆ ಅವನೇ ನಿಂತು ವಿಂಚು ಕೂರಿಸಿದ್ದ. ಹೂತುಹೋದಾಗ ಉಕ್ಕಿನ ಹಗ್ಗವನ್ನು ಮರಕ್ಕೆ ಕಟ್ಟಿ ತನ್ನನ್ನು ತಾನೇ ಎಳೆದುಕೊಳ್ಳುವ ಯಂತ್ರ ಅದು. ಕೆಸರನ್ನು ಕಚ್ಚುವ ದಪ್ಪ ಹಲ್ಲಿನ ಟೈರು, ಹಳ್ಳದ ನೀರಿನಲ್ಲೂ ಎಂಜಿನ್ನಿಗೆ ಉಸಿರಾಡಿಸುವ ಕೊಳವೆ, ಎಲ್ಲ ಒಂದೊಂದಾಗಿ ಬಂದಿದ್ದವು. ಪ್ರತಿ ಸಾಮಾನು ಬಂದಾಗಲೂ ಗೋಡೆಯಾಚೆಯಿಂದ ನೀಲಗಂಗವ್ವ ಇಣುಕಿ ವಿಚಾರಿಸಿದ್ದಳು.

ನೀಲಗಂಗವ್ವ ಹಾವೇರಿ ಕಡೆಯವಳು. ಮೂರು ತಾಲೂಕಿಗೂ ಜೋಳದ ರೊಟ್ಟಿ ಕಳಿಸುತ್ತಿದ್ದುದರಿಂದ ಎಲ್ಲ ಊರಿನವರ ನಂಬರೂ ಅವಳ ಫೋನಿನಲ್ಲಿತ್ತು. ಜಗತ್ತಿನಲ್ಲಿ ಅವಳಿಗೆ ಬೇಡವಾದ ವಿಷಯ ಯಾವುದೂ ಇರಲಿಲ್ಲ.

"ನಾಳೆ ಎಲ್ಲಿಗೆ ಹೊಂಟೀಯೋ ಉಲ್ಲಾಸ?"

"ಭೈರುಂಬೆ ಕಡೆ, ಆಮೇಲೆ ಮಂಚಿಕೇರಿ ಕಡೆ. ಗುಂಡಿಗುಂಡಿ ರಸ್ತೆ ಎಲ್ಲ ಸುತ್ತೂದು."

"ಮಂಚಿಕೇರಿಗೆ? ಅಲ್ಲೇ ನನ್ನ ಮಗಳ ಮನಿ. ನಾನೂ ಬರ್ತೀನಿ ತಡಿ."

ಉಲ್ಲಾಸ ತಲೆ ಕೆರೆದುಕೊಂಡ. ಹಿಂದಿನ ಸಲ ಬಂದ ದಂಪತಿಯನ್ನು ಅವಳು ಗೋಡೆಯ ಮೇಲಿಂದಲೇ "ಮಕ್ಕಳ್ಯಾಕ ಆಗಿಲ್ರೀ? ತೋರಿಸೀರೇನು?" ಎಂದು ಕೇಳಿದ್ದಕ್ಕೆ ಅವರು ಸಿಟ್ಟಾಗಿ ಇಂಟರ್ನೆಟ್ಟಿನಲ್ಲಿ ಅವನಿಗೆ ಐದರಲ್ಲಿ ಒಂದೇ ಒಂದು ಚುಕ್ಕಿ ಕೊಟ್ಟು ಹೋಗಿದ್ದರು.

"ಬಂದ್ರೆ ಅಡ್ಡಿಲ್ಲ ನೀಲಗಂಗಕ್ಕ. ಆದ್ರೆ ಅವ್ರ ಹತ್ರ ಯಾರು, ಎಲ್ಲಿಯವ್ರು, ಎಂತ ಕೆಲ್ಸ ಹೇಳಿ ಒಂದೂ ಕೇಳೂ ಹಂಗಿಲ್ಲ. ನಂಗೆ ಮಾತು ಕೊಡ್ಬೇಕು."

ಅವಳು ಬಹಳ ಕಷ್ಟದಿಂದ ಮಾತು ಕೊಟ್ಟಳು.

ಬೆಳಿಗ್ಗೆ ಗಿರಾಕಿಗಳು ಬಂದರು. ಸುಜಯ ಎಂಬುವನು ನಡುವಯಸ್ಸಿನವನು, ತಲೆಗೆ ಟೋಪಿ, ಕಾಲಿಗೆ ಗಟ್ಟಿ ಬೂಟು. ಜೊತೆಯಲ್ಲಿದ್ದ ನಮಿತಾ ಎಂಬ ಹುಡುಗಿಯ ಕೊರಳಲ್ಲಿ ಕ್ಯಾಮೆರಾ. ಇಬ್ಬರೂ ನಗುವವರಲ್ಲ, ಆದರೆ ಕಣ್ಣು ಎಲ್ಲ ಕಡೆಗೂ ಓಡುತ್ತಿತ್ತು. ಉಲ್ಲಾಸನಿಗೆ ಗೌರವ ಹುಟ್ಟಿತು. ಇವರು ಗುಡ್ಡ ಹತ್ತುವುದನ್ನೇ ತಪಸ್ಸು ಮಾಡಿಕೊಂಡ ಜಾತಿಯವರು ಎಂದುಕೊಂಡ.

ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟು ಹಿಡಿದು ಕೂತ ನೀಲಗಂಗವ್ವ ಊರು ದಾಟುವ ಮೊದಲೇ ಚಡಪಡಿಸತೊಡಗಿದಳು. ಗಿರಾಕಿಗಳನ್ನು ಕೇಳುವಂತಿಲ್ಲ. ಜೀಪನ್ನು ಕೇಳಬಹುದಲ್ಲ!

"ಹೊರಗ ಈ ಚಿಮಣಿ ಯಾಕೋ? ಒಳಗ ಒಲಿ ಐತೇನು?"

"ಒಲೆ ಅಲ್ಲ, ಗಾಳಿ ಎಳ್ಕೊಳ್ಳೂದು. ನೀರು ಎದೆಮಟ್ಟ ಬಂದ್ರೂ ಎಂಜಿನ್ ಬಂದಾಗೂದಿಲ್ಲ."

"ಮತ್ತ ನಾವು?"

ಉಲ್ಲಾಸ ಗೇರು ಬದಲಿಸಿದ.

ಭೈರುಂಬೆ ದಾಟಿ ಎಡಕ್ಕೆ ಹೊರಳಿದರೆ ಅವನ ಮೆಚ್ಚಿನ ದಾರಿ. ಎಮ್ಮೆ ಮಲಗಿದರೂ ಕಾಣದಂಥ ಗುಂಡಿಗಳು. "ಗಟ್ಟಿ ಹಿಡ್ಕಳ್ಳಿ ಸರ್," ಎಂದು ಎಚ್ಚರಿಸಿ, ಚಿಕ್ಕ ಗೇರು ಎಳೆದು, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಹಲ್ಲು ಕಚ್ಚಿ ಜೀಪು ಇಳಿಸಿದ. ಜೀಪು ತೊಟ್ಟಿಲಿನಷ್ಟೂ ಅಲುಗಲಿಲ್ಲ. ಗುಂಡಿಗಳಿಗೆಲ್ಲ ಚಿರೆಕಲ್ಲಿನ ಚೂರು ತುಂಬಿ, ಮೇಲೆ ಕೆಂಪು ಮಣ್ಣು ಹಾಕಿ, ನೀರು ಹೊಡೆದು ತುಳಿದು ಗಟ್ಟಿ ಮಾಡಿದ್ದರು.

ತಿರುವಿನಲ್ಲಿ ಅದೇ ಊರಿನ ವೆಂಕಟ್ರಮಣ ಹೆಗಡೆಯವರು ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಕೈಯಲ್ಲಿ ಗುದ್ದಲಿ ಹಿಡಿದು, ಬೆವರು ಸುರಿಸುತ್ತ ನಿಂತಿದ್ದರು.

"ಬಾ ಬಾ ತಮಾ! ನಿನ್ನೆ ನೀಲಗಂಗಕ್ಕನ ಫೋನು ಬಂತು. ಪಾಪ, ಉಲ್ಲಾಸನ ಜೀಪಿಗೆ ಗುಂಡಿ ತ್ರಾಸು ಹೇಳಿ. ಬೆಳಗಾಗೂದ್ರೊಳಗೆ ಎಲ್ಲ ಕೂಡಿ ತುಂಬಿಬಿಟ್ವಿ. ಹ್ಯಾಂಗಿದ್ದು?"

"ಭಾರೀ ಉಪಕಾರ ಆಯ್ತು," ಎಂದ ಉಲ್ಲಾಸ. ಅವನ ದನಿ ಅಳುವಂತಿತ್ತು.

ಹೆಗಡೆಯವರು ಮನೆಯ ಕಡೆ ತಿರುಗಿ ಹೆಂಡತಿಗೆ, "ಪರಿಮಳಾ, ನೆಂಟ್ರು ಬಂದ. ಚಾ ಇಡು, ಹಾಂಗೇ ಹೋಪಲೆ ಬಿಡಡ!" ಎಂದು ಕೂಗಿ, ಯಾರನ್ನೂ ಹಾಗೇ ಹೋಗಲು ಬಿಡದೆ ನಿಲ್ಲಿಸಿಕೊಂಡರು.

ಚಹಾ ಕುಡಿಯುತ್ತ ಸುಜಯ ರಸ್ತೆಯನ್ನು ಬೂಟಿನಿಂದ ತಟ್ಟಿ ನೋಡಿ, "ಇದು ಚೆನ್ನಾಗಿಯೇ ಇದೆ," ಎಂದ. ನಮಿತಾ ಕ್ಯಾಮೆರಾವನ್ನು ಮುಟ್ಟಲೂ ಇಲ್ಲ.

ಜೀಪು ಹತ್ತುವಾಗ ಉಲ್ಲಾಸ ಪಿಸುಗುಟ್ಟಿದ. "ಮಂಚಿಕೇರಿಗೂ ಫೋನ್ ಮಾಡೀರಾ?"

"ಎಲ್ಲಾರಿಗೂ ಮಾಡೀನಿ. ನೆರಿಹೊರಿ ಅಂದಮ್ಯಾಲೆ ಅಷ್ಟೂ ಮಾಡಬಾರದೇನು?" ಎಂದಳು ನೀಲಗಂಗವ್ವ.

ಮಂಚಿಕೇರಿಯ ಹತ್ತಿರದ ಹಳ್ಳದಲ್ಲಿ ಉಲ್ಲಾಸನ ಗೆಳೆಯ ಬೈರ ಕಾಯುತ್ತಿದ್ದ. ಹಳ್ಳದ ಕೆಸರಿಗೆ ಅಡ್ಡಲಾಗಿ ದಿಮ್ಮಿಗಳನ್ನು ಜೋಡಿಸಿ, ಸಂದಿಗೆ ಸೊಪ್ಪು ಹಾಸಿ, ಮದುವೆಯ ದಿಬ್ಬಣಕ್ಕೆ ಮಾಡಿದಂತೆ ದಾರಿ ಮಾಡಿದ್ದ. ಆಚೆ ದಡದಲ್ಲಿ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಲೇ ನಿಂತಿತ್ತು.

"ಹೆದ್ರಬೇಡ ಮಾರಾಯ! ದಿಮ್ಮಿ ಮೇಲೆ ಬಾ. ಹತ್ತದಿದ್ರೆ ಟ್ರ್ಯಾಕ್ಟರ್ ಅದೆ, ಎಳ್ದು ಹಾಕ್ತೆ."

"ನಾನು ಬದಿಯಲ್ಲಿ ನೀರಲ್ಲೇ ಬರ್ತೇನೆ ಬೈರ, ನೀ ಸುಮ್ನಿರು!"

"ನಿಂಗೆ ಬುದ್ಧಿ ಅದಾ? ಇಷ್ಟು ಕಷ್ಟಪಟ್ಟು ಹಾಕಿದ್ದು ಎಂತಕ್ಕೆ?"

ಗೆಳೆಯನ ಮನಸ್ಸು ನೋಯಿಸಲಾಗದೆ ಉಲ್ಲಾಸ ದಿಮ್ಮಿಯ ಮೇಲೆ ದಾಟಿದ. ಸುಜಯ ಗಡಿಯಾರ ನೋಡಿಕೊಂಡ. "ಇದೂ ಅಡ್ಡಿಯಿಲ್ಲ. ನಾವು ಕೇಳಿದ್ದು ಇದನ್ನಲ್ಲ. ಬೇರೆ ಇದ್ದರೆ ತೋರಿಸಿ, ಇಲ್ಲವಾದರೆ ವಾಪಸು ಹೋಗೋಣ."

ಉಲ್ಲಾಸನ ಕಣ್ಣೆದುರು 'ಮಾರಾಟಕ್ಕಿದೆ' ಬೋರ್ಡು ಬಂದು ನಿಂತಿತು. ಅವನ ಹತ್ತಿರ ಇನ್ನೊಂದು ದಾರಿ ಇತ್ತು. ಕಲ್ಲಜಡ್ಡಿಗೆ ಹೋಗುವ ದಾರಿ. ಗುಡ್ಡದ ನೆತ್ತಿಯಲ್ಲಿ ನಾಲ್ಕೇ ಮನೆಯ ಊರು. ಮೂರು ತಾಲೂಕಿನಲ್ಲಿ ತನಗೆ ಕೊನೆಗೆ ಉಳಿಯುವುದು ಅದೊಂದೇ ಎಂದು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ. ನೀಲಗಂಗವ್ವನಿಗೂ ಗೊತ್ತಿರಲಿಲ್ಲವೆಂದರೆ ಅದು ಎಷ್ಟು ಗುಟ್ಟಾಗಿತ್ತೆಂದು ತಿಳಿಯಬಹುದು.

"ಇದೆ ಸರ್," ಎಂದ. "ನಿಮ್ಮ ಮನಸ್ಸು ತುಂಬೂ ಹಂಗೆ ಇದೆ. ನೀಲಗಂಗಕ್ಕ, ಮಗಳ ಮನೆ ಬಂತು, ಇಳೀರಿ."

"ಮಗಳ ಮನಿ ಎಲ್ಲಿ ಓಡಿ ಹೋಗತೈತೋ? ನೀ ನಡಿ." ಗಿರಾಕಿಗಳು ಯಾರೆಂದು ತಿಳಿಯದೆ ಇಳಿಯುವ ಶಕ್ತಿ ಅವಳಿಗಿರಲಿಲ್ಲ. ಉಲ್ಲಾಸ ಅವಳ ಫೋನು ಇಸಿದುಕೊಂಡು ಜೇಬಿಗೆ ಹಾಕಿದ.

ಗುಡ್ಡದ ಬುಡದಲ್ಲಿ ಅವನು ಇಳಿದು ನಾಲ್ಕೂ ಟೈರಿನ ಗಾಳಿ ಬಿಡತೊಡಗಿದಾಗ ಅವಳು ಎದೆಗೆ ಕೈ ಇಟ್ಟುಕೊಂಡಳು. "ಗಾಳಿ ಹಾಕ್ಸೋದು ನೋಡೀನಿ. ತಗಿಯೋದು ಎಲ್ಲಿದಪಾ?"

"ಟೈರು ಮೆತ್ತಗಾದ್ರೆ ಕಲ್ಲನ್ನ ತಬ್ಬಿ ಹಿಡೀತದೆ."

ಕಲ್ಲಜಡ್ಡಿಯ ದಾರಿ ಅವನ ಮರ್ಯಾದೆ ಉಳಿಸಿತು. ಮಳೆ ಕೊರೆದ ಕೊರಕಲಿನಲ್ಲಿ ಒಂದು ಚಕ್ರ, ಬಂಡೆಯ ಮೇಲೆ ಇನ್ನೊಂದು. ಜೀಪು ಒಮ್ಮೆ ಆಕಾಶ ನೋಡಿತು, ಒಮ್ಮೆ ಕಣಿವೆ ನೋಡಿತು. ರೊಟ್ಟಿಯ ಗಂಟು ಬಿಚ್ಚಿ ರೊಟ್ಟಿಯೆಲ್ಲ ಪುಡಿಯಾಯಿತು. ನಮಿತಾ ಇಳಿದು ಮುಂದೆ ಮುಂದೆ ನಡೆದು ಕೊರಕಲಿನ ಆಳಕ್ಕೆ ಟೇಪು ಹಿಡಿದಳು, ಫೋಟೋ ಹೊಡೆದಳು. ಚಕ್ರ ಎಲ್ಲಿ ಇಡಬೇಕೆಂದು ಮೊದಲು ನಡೆದು ನೋಡುವುದು ಬಲ್ಲವರ ಕ್ರಮ. ಉಲ್ಲಾಸನಿಗೆ ಅವಳ ಮೇಲೆ ಇನ್ನಷ್ಟು ಅಭಿಮಾನ ಬಂತು.

ಕಡೆಯ ಏರಿನಲ್ಲಿ ಜೀಪು ಹೊಟ್ಟೆಯವರೆಗೆ ಕೂತಿತು. ಉಲ್ಲಾಸ ಸಂಭ್ರಮದಿಂದ ಮತ್ತಿಮರಕ್ಕೆ ಅಗಲದ ಪಟ್ಟಿ ಸುತ್ತಿ, ವಿಂಚಿನ ಕೊಕ್ಕೆ ಸಿಕ್ಕಿಸಿ, ಹಗ್ಗ ತುಂಡಾದರೆ ಯಾರ ಮೇಲೂ ಹಾರಬಾರದೆಂದು ನಡುವೆ ಗೋಣಿಚೀಲ ಹೊದೆಸಿದ. ಯಂತ್ರ ಗುಂಯ್ಗುಟ್ಟುತ್ತ ಜೀಪನ್ನು ಇಂಚಿಂಚೇ ಮೇಲೆ ಎಳೆಯಿತು.

"ಅದ್ಭುತ," ಎಂದ ಸುಜಯ. ಅವನ ಮುಖದಲ್ಲಿ ಮೊದಲ ಬಾರಿಗೆ ನಗು. "ಮಳೆಗಾಲದಲ್ಲಿ ಹೇಗೆ?"

"ಮಳೆಗಾಲದಲ್ಲಿ ಮಂಗನೂ ಇಳಿಯೂದಿಲ್ಲ ಸರ್!"

"ಮೇಲಿನ ಊರಿನವರು ಕಾಯಿಲೆ ಬಿದ್ದರೆ?"

"ಕುರ್ಚಿಗೆ ಗಳ ಕಟ್ಟಿ ಹೊತ್ಕೊಂಡೇ ಇಳ್ಸಬೇಕು. ಇಂಥ ರಸ್ತೆ ನಿಮಗೆ ಎಲ್ಲೂ ಸಿಕ್ಕೂದಿಲ್ಲ. ಇದಕ್ಕಿಂತ ಕೆಟ್ಟದ್ದು ತೋರ್ಸಿದ್ರೆ ನಾನು ಮೀಸೆ ಬೋಳಿಸ್ತೆ."

ನೆತ್ತಿಯಲ್ಲಿ ಕೆರಿಯ ಎಂಬ ಮುದುಕನ ಅಂಗಳ. ಅವನ ಹೆಂಡತಿ ಸುಬ್ಬಿ ಬೆಲ್ಲ, ನೀರು ತಂದಿಟ್ಟಳು. ಹೋದ ಮಳೆಗಾಲದಲ್ಲಿ ಕುರ್ಚಿಯಲ್ಲಿ ಇಳಿದು ಆಸ್ಪತ್ರೆ ಕಂಡವಳು ಅವಳೇ. ಎಲ್ಲರೂ ಕೂತರು. ಸುಜಯ ಉಲ್ಲಾಸನ ಕೈ ಕುಲುಕಿ, "ನಮಗೆ ಪೂರ್ತಿ ತೃಪ್ತಿಯಾಯಿತು. ನಾವು ಇಲ್ಲಿಗೆ ಮತ್ತೆ ಬಂದೇ ಬರುತ್ತೇವೆ," ಎಂದ. ಉಲ್ಲಾಸನಿಗೆ ಕುಣಿಯಬೇಕೆನಿಸಿತು.

ಆಗ ನೀಲಗಂಗವ್ವ ನೀರಿನ ಚೊಂಬನ್ನು ಕುಕ್ಕಿದಳು. "ಸಾಕೋ ಉಲ್ಲಾಸ, ಇನ್ನ ತಡ್ಯಾಕ ಆಗೂದಿಲ್ಲ. ಯಪ್ಪಾ, ನೀವು ಯಾರು? ಯಾವ ಊರು? ಏನ್ ಕೆಲಸ ಮಾಡ್ತೀರಿ?"

"ನಾವು ಎಂಜಿನಿಯರುಗಳು," ಎಂದ ಸುಜಯ. "ಗುಡ್ಡಗಾಡಿನ ರಸ್ತೆಗಳ ಯೋಜನೆ. ಮೂರು ತಾಲೂಕಿಗೆ ಸೇರಿ ಒಂದೇ ಒಂದು ಕಾಂಕ್ರೀಟ್ ರಸ್ತೆ ಮಾಡಿಸುವಷ್ಟು ಹಣ ಉಳಿದಿತ್ತು. ಎಲ್ಲಕ್ಕಿಂತ ಕೆಟ್ಟದ್ದಕ್ಕೆ ಕೊಡಬೇಕು. ಆಫೀಸಿನ ಕಾರು ಇಂಥಲ್ಲಿಗೆ ಹತ್ತುವುದಿಲ್ಲ, ಅದಕ್ಕೇ ಇವರ ಜೀಪು."

ಉಲ್ಲಾಸನ ಬಾಯಲ್ಲಿದ್ದ ಬೆಲ್ಲ ಅಲ್ಲೇ ನಿಂತಿತು. "ಬೆಳಿಗ್ಗೆ ಹೇಳೂದಲ್ವಾ ಸರ್?"

"ಯಾರೂ ಕೇಳಲೇ ಇಲ್ಲವಲ್ಲ. ಕೇಳಿದ್ದರೆ ಹೇಳುತ್ತಿದ್ದೆವು."

ನೀಲಗಂಗವ್ವ ಉಲ್ಲಾಸನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಕೆರಿಯನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಎದ್ದು ಬಂದು ಉಲ್ಲಾಸನ ಎರಡೂ ಕೈ ಹಿಡಿದುಕೊಂಡ. "ನಾವು ಕೇಳಿ ಕೇಳಿ ಸಾಕಾಗಿತ್ತು ಒಡೆಯಾ. ನೀವು ರಸ್ತೆನ ಜೀಪಲ್ಲಿ ಕೂರ್ಸ್ಕೊಂಡು ಬಂದ್ರಿ." ಸುಬ್ಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಉಲ್ಲಾಸನಿಗೆ ಅವರನ್ನು ಕಂಡು ನಿಜವಾಗಿಯೂ ಸಂತೋಷವಾಯಿತು. ದುಃಖವೂ ಅಷ್ಟೇ ನಿಜವಾಗಿ ಆಯಿತು.

ಆದರೂ ಇಳಿಯುವಾಗ ಅವನು ಕೊನೆಯ ಪ್ರಯತ್ನ ಬಿಡಲಿಲ್ಲ. ಚಿಕ್ಕ ಗೇರಿನಲ್ಲಿ, ಬ್ರೇಕು ಮುಟ್ಟದೆ, ತಲೆಯ ಮೇಲೆ ಹಾಲಿನ ಕೊಡ ಹೊತ್ತವನಂತೆ ಇಳಿಸಿದ. "ನೋಡಿ ಸರ್, ಅಂಥಾದ್ದೇನೂ ಇಲ್ಲ. ಹತ್ತೂವಾಗ ನಾನೇ ಸ್ವಲ್ಪ ಗಡಿಬಿಡಿ ಮಾಡಿದ್ದೆ. ಬೇಸಿಗೆಯಲ್ಲಿ ಸೈಕಲ್ಲೂ ಹೋಗ್ತದೆ."

"ಹೌದ್ರೀ, ರಸ್ತೆ ಭಾಳ ಚಲೋ ಐ..." ಎಂದು ನೀಲಗಂಗವ್ವ ಕರುಣೆಯಿಂದ ಬೆಂಬಲಿಸುವಷ್ಟರಲ್ಲಿ ಜೀಪು ಅಡ್ಡ ಜಾರಿ, ಕೊರಕಲಿಗೆ ಬಿದ್ದು, ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತ ನಿಂತಿತು. ಅವಳು ನಮಿತಾಳ ತೊಡೆಯ ಮೇಲಿದ್ದಳು.

"ಅಲುಗಬೇಡಿ," ಎಂದ ಸುಜಯ. "ನಮಿತಾ, ಇದೊಂದು ಫೋಟೋ ತೆಗೆದುಕೋ. ವರದಿಯಲ್ಲಿ ಇದನ್ನೇ ಮೊದಲು ಹಾಕೋಣ."

ಡಾಂಬರು ರಸ್ತೆಗೆ ಬಂದ ಮೇಲೆ ನೀಲಗಂಗವ್ವ ಫೋನು ವಾಪಸು ಪಡೆದು ಮೂರೂ ತಾಲೂಕಿಗೆ ಸುದ್ದಿ ಮುಟ್ಟಿಸಿದಳು. ಮರುಗಳಿಗೆಯೇ ಉಲ್ಲಾಸನ ಫೋನು ಬಡಿದುಕೊಳ್ಳತೊಡಗಿತು. "ಗುಂಡಿ ತುಂಬಡಿ ಹೇಳಿ ಒಂದು ಮಾತು ಹೇಳಲಾಗ್ತಿತ್ತಿಲ್ಯಾ ತಮಾ? ನಮ್ಮ ರಸ್ತೆ ನಾವೇ ಕೈಯಾರೆ ಕಳಕಂಡ್ವಲ್ಲ!" ಎಂದು ವೆಂಕಟ್ರಮಣ ಹೆಗಡೆಯವರು ಕೂಗಾಡಿದರು. ಬೈರನಂತೂ ದಿಮ್ಮಿ ಹೊತ್ತು ಸೊಂಟ ಹಿಡಿದುಕೊಂಡಿದ್ದಕ್ಕೂ ಸೇರಿಸಿ ಬೈದ.

ಸಂಜೆ ಮನೆ ಮುಟ್ಟಿದಾಗ ದಿವ್ಯಾ ಬಾಗಿಲಲ್ಲೇ ಕಾಯುತ್ತಿದ್ದಳು.

"ಖುಷಿಯಾಯ್ತಾ ಅವ್ರಿಗೆ?"

"ಭಾರೀ ಖುಷಿ."

"ಮತ್ತೆ ಬರ್ತೇವೆ ಅಂದ್ರಾ?"

"ಮುಂದಿನ ತಿಂಗ್ಳೇ ಬರ್ತಾರೆ. ಕಲ್ಲಜಡ್ಡಿಗೇ."

ದಿವ್ಯಾಳ ಮುಖ ಅರಳಿತು. "ಹಂಗಾದ್ರೆ ಜೀಪು ಇರ್ಲಿ ಬಿಡಿ, ನಾ ಹೇಳಿದ್ದು ಸುಮ್ನೆ. ಎಷ್ಟು ಜನ ಬರ್ತಾರೆ?"

"ಜನ ಹತ್ತಿಪ್ಪತ್ತು ಇರ್ಬಹುದು," ಎಂದು ಉಲ್ಲಾಸ ಮೆಟ್ಟಿಲ ಮೇಲೆ ಕುಸಿದು ಕೂತ. "ಜೊತೆಗೆ ಒಂದು ಕಾಂಕ್ರೀಟ್ ಮಿಕ್ಸರು, ಒಂದು ರೋಡ್ ರೋಲರು."