ಬರೀ ಹೊಟ್ಟೆಯ ಕಾವಲು

ಡಾಕ್ಟರು ಹೇಳಿದ್ದು ಒಂದೇ ಮಾತು. ಬುಧವಾರ ಬೆಳಗಾದ ಮೇಲೆ ಮಗುವಿನ ಬಾಯಿಗೆ ಏನೂ ಹೋಗಕೂಡದು, ಒಂದು ತೊಟ್ಟು ನೀರು ಸಹ. ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದು ಮೇಲಕ್ಕೆ ಬಂದು ಉಸಿರಿಗೆ ಅಡ್ಡವಾದೀತು. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದುಬಿಟ್ಟರು. ಆ ಮಾತನ್ನು ಕೃಷ್ಣಮೂರ್ತಿಪುರಂನ ವಠಾರವೊಂದರಲ್ಲಿ ನಡೆಸಿ ತೋರಿಸುವ ಕೆಲಸ ತಾಯಿ ಹೇಮಶ್ರೀಯ ತಲೆಗೆ ಬಂತು.

ಮಗು ಪ್ರಮಥನಿಗೆ ಎರಡು ತುಂಬುವುದರಲ್ಲಿತ್ತು. ಕಿವಿತಮಟೆಯ ಹಿಂದೆ ನೀರು ನಿಂತು, ಬೆನ್ನ ಹಿಂದೆ ತಟ್ಟೆ ಬೀಳಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಓರಗೆಯ ಮಕ್ಕಳು ಅರಳು ಹುರಿದಂತೆ ಮಾತಾಡುತ್ತಿದ್ದರೆ ಇವನು ಇನ್ನೂ ಅಮ್ಮ ಎಂದಿರಲಿಲ್ಲ. ಎರಡು ಕಿವಿಗೂ ಅಕ್ಕಿಕಾಳಿಗಿಂತ ಚಿಕ್ಕ ಕೊಳವೆ ಕೂರಿಸಿದರೆ ನೀರು ಇಳಿದು ಎಲ್ಲ ಕೇಳಿಸುತ್ತದೆ ಎಂದಿದ್ದರು. ಹಿಂದಿನಿಂದ "ಪಮ್ಮು" ಎಂದು ಕರೆದರೆ ಮಗ ತಿರುಗಬೇಕು. ಹೇಮಶ್ರೀಗೆ ಬೇಕಾಗಿದ್ದುದು ಅಷ್ಟೇ. ಅರಿವಳಿಕೆ ಕೊಡುವ ಡಾಕ್ಟರು ಆ ಆಸ್ಪತ್ರೆಗೆ ಬರುವುದು ಬುಧವಾರ ಮಾತ್ರ. ಇದು ತಪ್ಪಿದರೆ ಮುಂದಿನ ಬುಧವಾರದವರೆಗೆ ಕಾಯಬೇಕು.

ಹಿಂದಿನ ರಾತ್ರಿಯೇ ಚಕ್ಕುಲಿ ಡಬ್ಬ, ಬೆಲ್ಲದ ಡಬ್ಬ ಎಲ್ಲ ಅಟ್ಟ ಸೇರಿದವು. ಹೂಟಗಳ್ಳಿಯ ಕಾರ್ಖಾನೆಗೆ ರಜೆ ಹಾಕಿದ್ದ ಗಂಡ ಶಿವಕುಮಾರನಿಗೆ ಬಾಗಿಲು ಕಾಯುವ ಕೆಲಸ. ಮಗು ಹಸಿದಿರುವಾಗ ತನಗೂ ಕಾಫಿ ಬೇಡವೆಂದು ಹೇಮಶ್ರೀ ತಾನೇ ತೀರ್ಮಾನಿಸಿದಳು. ಮರುದಿನದ ಅವಳ ಸಿಟ್ಟಿಗೆ ಅರ್ಧ ಕಾರಣ ಅದೇ ಇದ್ದೀತು.

ಮೊದಲ ದಾಳಿ ದೇವರಮನೆಯಿಂದ ಬಂತು. ಅತ್ತೆ ಗಿರಿಜಾಂಬಾ ಬೆಳ್ಳಿ ಬಟ್ಟಲಲ್ಲಿ ಮೊಸರು ಸಕ್ಕರೆ ಕಲಸಿಕೊಂಡು ಬಂದು ಮಗುವಿನ ಗಲ್ಲ ಹಿಡಿದಿದ್ದರು.

"ಒಳ್ಳೆ ಕೆಲಸಕ್ಕೆ ಹೊರಡೋವಾಗ ನಾಲಿಗೆಗೆ ಇಷ್ಟು ಸೋಕಿಸ್ಬೇಕು ಕಣಮ್ಮ. ನಿನ್ ಗಂಡ ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಹೀಗೆ."

"ಮೂರನೇ ಸಲಕ್ಕೆ ಪಾಸಾದ್ರು ಅತ್ತೆ," ಎಂದು ಹೇಮಶ್ರೀ ಬಟ್ಟಲು ಕಿತ್ತುಕೊಂಡಳು. ಅದನ್ನು ಎಲ್ಲಿಡುವುದೆಂದು ನೋಡುವಷ್ಟರಲ್ಲಿ ಶಿವಕುಮಾರ ಬಾಗಿಲು ಬಿಟ್ಟು ಬಂದು ಬಟ್ಟಲನ್ನು ನೆಕ್ಕಿ ಮುಗಿಸಿದ. ಮನೆಯಿಂದ ಹೊರಡುತ್ತಿರುವವನು ತಾನೂ ಅಲ್ಲವೇ ಎಂದು ಅವನ ವಾದ.

ಅವನು ಬಿಟ್ಟ ಬಾಗಿಲಿಂದ ಎದುರುಮನೆಯ ಪುಟ್ಟಲಿಂಗಮ್ಮ ಒಳಗೆ ಬಂದಾಗಿತ್ತು. ವಠಾರದಲ್ಲಿ ಯಾವ ಮಗು ಸೀನಿದರೂ ಮೂಗು ಒರೆಸಲು ಬರುವ ಹೆಂಗಸು. ಪಮ್ಮುವಿನ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ದರೆ ಸಾಕಾಗಿತ್ತು ಎಂದು ಆಕೆ ಬೀದಿಗೆಲ್ಲ ಹೇಳಿ ಮುಗಿಸಿದ್ದರು. ಇವತ್ತು ಹೊಸ ಕಾರಣ ಸಿಕ್ಕಿತ್ತು.

"ಕಿವೀದಲ್ಲ ಕಣವ್ವ ತಪ್ಪು. ಎರಡು ವರ್ಸ ಆಯ್ತಾ ಬಂತು, ಇನ್ನೂ ಹಾಲು ಬಿಡಿಸಿಲ್ಲ ನೀನು. ಬಾಯಿಗೆ ಯಾವಾಗ್ಲೂ ಕೆಲಸ ಇದ್ರೆ ಮಾತೆಲ್ಲಿಂದ ಬತ್ತದೆ? ಬೇವಿನಸೊಪ್ಪು ಅರೆದು ಹಚ್ಕೊ, ಎರಡೇ ದಿನಕ್ಕೆ ಬಿಟ್ಬುಡ್ತಾನೆ."

ಹೇಮಶ್ರೀ ಆಕೆಯ ಕೈಗಳನ್ನೇ ನೋಡುತ್ತಿದ್ದಳು. ಕೈ ಖಾಲಿಯಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಗಂಟು ಮಾತ್ರ ಯಾಕೋ ಎಂದಿಗಿಂತ ದಪ್ಪಗಿತ್ತು.

ಶಿವಕುಮಾರ ಆಟೋ ತರಲು ಹೋದ. ಮಗುವನ್ನೆತ್ತಿಕೊಂಡು ಬೀದಿಯ ತಿರುವಿಗೆ ಬಂದರೆ ಅಂಗಡಿ ಚಾಮಯ್ಯ ಕಾದೇ ಇದ್ದ. ದಿನಾ ಪಮ್ಮುವಿಗೆ ಒಂದು ಪೆಪ್ಪರ್‌ಮಿಂಟು ಕೊಡುವುದು ಅವನ ವ್ರತ. ಹೇಮಶ್ರೀ ಬೇಡ ಎನ್ನುವ ಮೊದಲೇ ಅದು ಮಗುವಿನ ಮುಷ್ಟಿಯೊಳಗಿತ್ತು. ಹಲಸಿನ ತೊಳೆ ಬಿಡಿಸುವಂತೆ ಅವಳು ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದು ಚರಂಡಿಗೆ ಎಸೆದಳು. ಪಮ್ಮು ಕಿರುಚಿದ ರೀತಿಗೆ ಹಾಲಿನ ಬೂತಿನ ಮುಂದೆ ನಿಂತಿದ್ದವರೆಲ್ಲ ಇವಳನ್ನು ಮಕ್ಕಳ ಕಳ್ಳಿಯಂತೆ ನೋಡಿದರು. ಮುಖ ಸಣ್ಣಗೆ ಮಾಡಿಕೊಂಡ ಚಾಮಯ್ಯ, ಸ್ವಂತ ಮಗನಿಗೇ ಇಷ್ಟು ಕಠಿಣವಾದ ತಾಯಿಯನ್ನು ತಾನು ಕಂಡಿಲ್ಲ ಎಂದ.

ಆಟೋ ಬಂತು. ಹೇಮಶ್ರೀ ಹತ್ತುವ ಮೊದಲೇ ಪುಟ್ಟಲಿಂಗಮ್ಮ ಒಳಗೆ ಕೂತಿದ್ದರು. ಆಪರೇಷನ್ ಅಂದಮೇಲೆ ಹಿರೀಕರು ಒಬ್ಬರು ಜೊತೆಗಿರಬೇಕಂತೆ. ಶಿವಕುಮಾರ ತನ್ನ ಜಾಗ ಬಿಟ್ಟುಕೊಟ್ಟು ಸ್ಕೂಟರ್ ತರಲು ತಿರುಗಿದ. ಹೇಮಶ್ರೀಯ ಸಿಟ್ಟು ಕುಕ್ಕರಿನ ಹಾಗೆ ಒಳಗೇ ಕುದಿಯತೊಡಗಿತು. ಇನ್ನೂ ಸೀಟಿ ಮಾತ್ರ ಹೊಡೆದಿರಲಿಲ್ಲ.

ಆಸ್ಪತ್ರೆಯಲ್ಲಿ ಸಿಸ್ಟರ್ ಪ್ರೇಮಲೀಲಾ ಮಗುವಿಗೆ ಏನೂ ಕೊಟ್ಟಿಲ್ಲ ತಾನೇ ಎಂದು ಕೇಳಿದಾಗ ಹೇಮಶ್ರೀ ತಲೆಯೆತ್ತಿ ಹೇಳಿದಳು: "ಒಂದು ತೊಟ್ಟು ನೀರೂ ಇಲ್ಲ."

ಸಿಸ್ಟರ್ ಮೆಚ್ಚಿಕೊಂಡು, ಮುಂದಿನ ಸರದಿ ನಿಮ್ಮದೇ, ಕೂತಿರಿ ಎಂದರು. ಹಸಿದ ಪಮ್ಮು ತಾಯಿಯ ತೊಡೆಯ ಮೇಲೆ ಬಿಲ್ಲಿನಂತೆ ಬಾಗಿ ಅಳುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿ ಸರಪರ ಸದ್ದಾಯಿತು. ಹೇಮಶ್ರೀ ತಿರುಗಿದಳು. ಪುಟ್ಟಲಿಂಗಮ್ಮನ ಸೆರಗಿನ ಗಂಟು ಬಿಚ್ಚಿತ್ತು. ಒಳಗಿಂದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇಣುಕುತ್ತಿತ್ತು.

ಸೀಟಿ ಹೊಡೆಯಿತು.

ಬೆಳಗಿನಿಂದ ತಡೆದದ್ದಷ್ಟೇ ಅಲ್ಲ, ವಠಾರಕ್ಕೆ ಬಂದ ದಿನದಿಂದ ತಡೆದದ್ದೆಲ್ಲ ಹೊರಗೆ ಬಂತು. ಬೆಳ್ಳುಳ್ಳಿ ಎಣ್ಣೆ, ಮೊಸರು ಸಕ್ಕರೆ, ಪೆಪ್ಪರ್‌ಮಿಂಟು, ಬೇವಿನಸೊಪ್ಪು, ಎಲ್ಲಕ್ಕೂ ಪುಟ್ಟಲಿಂಗಮ್ಮನೊಬ್ಬರೇ ಗುರಿಯಾದರು. ಮಗುವಿನ ಜೀವದ ಮೇಲೆ ಇವರಿಗೆಲ್ಲ ಲಕ್ಷ್ಯವೇ ಇಲ್ಲ ಎಂದಳು. ಡಾಕ್ಟರು ಹೇಳಿದ್ದು ಅರ್ಥವಾಗದಿದ್ದರೆ ಮನೆಯಲ್ಲಿ ಇರಬೇಕಿತ್ತು ಎಂದಳು.

"ಕಿವಿ ಕೇಳಿಸ್ದೇ ಇರೋದು ನನ್ನ ಮಗನಿಗಲ್ಲ ಪುಟ್ಟಲಿಂಗಮ್ಮನೋರೆ, ನಿಮಗೆ. ನನ್ನೊಬ್ಬಳನ್ನ ಬಿಟ್ಟು ಇಡೀ ವಠಾರಕ್ಕೆ."

ಕಾರಿಡಾರು ಸ್ತಬ್ಧವಾಯಿತು. ಕಟ್ಟು ಹಾಕಿಸಿಕೊಂಡ ಕಿವಿಗಳೂ ಇತ್ತ ತಿರುಗಿದವು. ಆಗಿನಿಂದ ಅಳುತ್ತಿದ್ದ ಪಮ್ಮು ಸಹ ಸುಮ್ಮನಾಗಿದ್ದ. ಪುಟ್ಟಲಿಂಗಮ್ಮ ಮಾತ್ರ ಏನೋ ಹೇಳಲು ಬಾಯಿ ತೆರೆದರು. "ಒಂದು ಮಾತೂ ಬೇಡ" ಎಂದು ಹೇಮಶ್ರೀ ಗದರಿದ ಮೇಲೆ ಮುಚ್ಚಿಕೊಂಡರು.

ಅಷ್ಟರಲ್ಲಿ ಹಸಿರು ಬಟ್ಟೆ ಹಿಡಿದು ಬಂದ ಪ್ರೇಮಲೀಲಾ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದವರು ಹಾಗೇ ನಿಂತರು.

"ಏನಮ್ಮ ಇದು?"

ಹೇಮಶ್ರೀ ಕೆಳಗೆ ನೋಡಿದಳು. ಅವಳ ಸೆರಗಿನ ಅಡಿಯಿಂದ ಎರಡು ಪುಟ್ಟ ಪಾದಗಳು ಹೊರಗೆ ಬಂದು ಪರಮ ಸುಖದಲ್ಲಿ ಅಲ್ಲಾಡುತ್ತಿದ್ದವು. ಮಗು ಅತ್ತಾಗ ಎದೆಗೆ ಹಾಕಿಕೊಂಡು ಅಭ್ಯಾಸವಾದ ಕೈ, ಬಾಯಿ ಜಗಳದಲ್ಲಿದ್ದಾಗ, ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಪಮ್ಮು ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಹುಡುಕುತ್ತಿದ್ದ.

ಡಾಕ್ಟರು ಬೈಯಲಿಲ್ಲ. ಮುಂದಿನ ಬುಧವಾರ ಎಂದರು, ಅಷ್ಟೇ. ಬೈದಿದ್ದರೆ ಅವಳು ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆಗ ತಾನೇ ಸ್ಕೂಟರಿನಲ್ಲಿ ಬಂದಿಳಿದ ಶಿವಕುಮಾರ, ಇಷ್ಟು ಬೇಗ ಆಪರೇಷನ್ ಮುಗೀತಾ ಎಂದು ಕೇಳಿ, ಅವಳಿಗೆ ಬೇಕಾಗಿದ್ದ ಆ ಉಪಕಾರ ಮಾಡಿದ.

ವಾಪಸು ಆಟೋದಲ್ಲಿ ಪಮ್ಮು ಬೆನ್ನು ತಿರುಗಿಸಿ ಕೂತು ರಸ್ತೆ ನೋಡುತ್ತಿದ್ದ. ಹೇಮಶ್ರೀ ಮೆಲ್ಲಗೆ "ಪಮ್ಮು" ಎಂದಳು. ಅವನು ತಿರುಗಲಿಲ್ಲ. ಅವಳ ಕಣ್ಣು ತುಂಬಿತು.

"ಅಲ್ಲಿ ನಾನು ಬಾಯಿ ಬಿಟ್ಟಿದ್ದು, ಮಗ ಹಾಲು ಕುಡೀತಾವ್ನೆ ಅಂತ ಹೇಳಕ್ಕೆ ಕಣವ್ವ," ಎಂದರು ಪುಟ್ಟಲಿಂಗಮ್ಮ. "ನೀನು ಬಿಡ್ಲಿಲ್ಲ. ಬರೋ ಬುಧವಾರ ಮಗೂನ ನಾನು ಎತ್ಕೊಂಡಿರ್ತೀನಿ, ನೀನು ದೂರ ಕೂತ್ಕೊ."

ಆಮೇಲೆ ಸೆರಗಿನ ಗಂಟು ಬಿಚ್ಚಿ, ಒಂದು ಬಿಸ್ಕತ್ತು ಪಮ್ಮುವಿನ ಕೈಗಿಟ್ಟರು. ಇನ್ನೊಂದನ್ನು ಹೇಮಶ್ರೀಯ ಬಾಯಿಯ ಹತ್ತಿರ ಹಿಡಿದರು.

"ತಿನ್ನು. ಇದು ನಿಂಗೇ ಅಂತ ತಂದಿದ್ದು. ಬೆಳಗ್ಗಿಂದ ಕಾಫೀನೂ ಕುಡ್ದಿಲ್ಲ ಅಂತ ನಿಮ್ಮತ್ತೆ ಹೇಳಿದ್ರು."

ಹೇಮಶ್ರೀ ತಿಂದಳು. ಅದನ್ನೂ ಸಿಟ್ಟಿನಿಂದಲೇ ತಿಂದಳು.