ರೊಟ್ಟಿ ಪ್ರೈವೇಟ್ ಲಿಮಿಟೆಡ್

ಹೆಂಡತಿ ತಟ್ಟಿದ ರೊಟ್ಟಿಯನ್ನು ತೆಪ್ಪಗೆ ತಿನ್ನಬೇಕು. ಅದಕ್ಕೊಂದು ಕಂಪನಿ ಕಟ್ಟಬಾರದು. ಇಷ್ಟು ಬುದ್ಧಿ ಕಳೆದ ಯುಗಾದಿಗೇ ನನಗೆ ಬಂದಿದ್ದರೆ ಇವತ್ತು ನಿಮ್ಮ ಮುಂದೆ ಹೀಗೆ ಗೋಳು ತೋಡಿಕೊಳ್ಳುವ ಪ್ರಸಂಗವೇ ಇರುತ್ತಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಮಹಾನುಭಾವ ನಾನೇ. ಹೆಸರು ಶಿವಪುತ್ರ. ಊರು ಸೇಡಂ ಕಡೆ. ಈಗಿನ ವಾಸ ಬೈಯಪ್ಪನಹಳ್ಳಿಯಲ್ಲಿ, ಮೆಟ್ರೋ ಡಿಪೋದ ಹಿಂದಿನ ಓಣಿಯ ಬಾಡಿಗೆ ಮನೆ.

ನನ್ನ ಹೆಂಡತಿ ಜಯಮಾಲಾ ಜೋಳದ ರೊಟ್ಟಿ ತಟ್ಟಲು ಕೂತರೆ ಆ ಸಪ್ಪಳಕ್ಕೇ ಓಣಿಯ ಅರ್ಧ ಜನಕ್ಕೆ ಹಸಿವಾಗುತ್ತದೆ. ನಮ್ಮ ಓಣಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯವರೇ ಹೆಚ್ಚು. ಜ್ವರ ಬಂದವರಿಗೆ ಎರಡು ರೊಟ್ಟಿ, ಊರಿಂದ ನೆಂಟರು ಬಂದವರಿಗೆ ನಾಲ್ಕು, ಗಂಡನ ಜೊತೆ ಜಗಳ ಆಡಿ ಒಲೆ ಹಚ್ಚದವರಿಗೆ ಆರು, ಹೀಗೆ ನಮ್ಮ ಮನೆಯಿಂದ ರೊಟ್ಟಿ ಹೋಗುತ್ತಲೇ ಇರುತ್ತಿತ್ತು. ಹೋದ ತಟ್ಟೆ ಎಂದೂ ಖಾಲಿ ಬರುತ್ತಿರಲಿಲ್ಲ. ಶೇಂಗಾ ಹಿಂಡಿಯೋ, ಪುಂಡಿ ಪಲ್ಯವೋ, ಏನಾದರೊಂದು ಇರುತ್ತಿತ್ತು. ಆದರೂ ನನಗೆ ಹೊಟ್ಟೆಯುರಿ. ಬಿಸಿ ರೊಟ್ಟಿ ಓಣಿಗೆ, ಆರಿದ ರೊಟ್ಟಿ ಗಂಡನಿಗೆ ಅಂದರೆ ಯಾವ ನ್ಯಾಯ?

ನಾನು ಕೆಲಸ ಮಾಡುವುದು ಹಲಸೂರಿನಲ್ಲಿ, ಮುರಳಿ ಸರ್ ಎಂಬ ಆಡಿಟರ ಕಚೇರಿಯಲ್ಲಿ. ಗುಮಾಸ್ತ. ಹನ್ನೊಂದು ವರ್ಷದಿಂದ ಕಂಡವರ ಕಂಪನಿಗಳ ಕಾಗದ ಜೋಡಿಸಿ ಜೋಡಿಸಿ ನನ್ನ ಬೆರಳು ಸವೆದಿವೆ. ಮೀಸೆ ಚಿಗುರದವರೆಲ್ಲ ಬಂದು ಡೈರೆಕ್ಟರ್ ಆಗಿ ಹೋಗುತ್ತಾರೆ. ನಾನು ಅವರಿಗೆ ಕಾಫಿ ಹೇಳುತ್ತೇನೆ. ಒಂದು ದಿನ ಹಾಗೆ ಕಾಫಿ ಹೇಳಲು ಹೋದವನಿಗೆ ಮೆಟ್ಟಿಲ ಮೇಲೆ ಜ್ಞಾನೋದಯವಾಯಿತು. (ಮರವಿರಲಿಲ್ಲ, ಇದ್ದದ್ದು ಮೆಟ್ಟಿಲು.)

ಮನೆಗೆ ಬಂದವನೇ ಘೋಷಿಸಿದೆ. "ಜಯಾ, ನಾವು ಕೇಟರಿಂಗ್ ಕಂಪನಿ ಮಾಡೋಣು. ಪ್ರೈವೇಟ್ ಲಿಮಿಟೆಡ್."

"ಲಿಮಿಟೆಡ್ ಅಂದ್ರ?"

"ನಮ್ಮ ಹೊಣಿ ಇಷ್ಟೇ ಅಂತ ಮಿತಿ ಇರ್ತದ. ಏನರ ಹೆಚ್ಚುಕಮ್ಮಿ ಆದ್ರ ಅದು ಕಂಪನಿ ತಲಿ ಮ್ಯಾಲ. ನಮ್ಮ ಮನಿ ಸಾಮಾನು ಯಾರೂ ಮುಟ್ಟಂಗಿಲ್ಲ."

"ಅಂದ್ರ ನಾಳಿ ಯಾರರ ರೊಟ್ಟಿ ಗಟ್ಟಿ ಆಗ್ಯಾವ ಅಂದ್ರ ಬೈಯೋದು ನಮಗಲ್ಲ, ಕಂಪನಿಗಿ?"

"ಕರೆಕ್ಟ್!"

"ಕಂಪನಿ ಎಲ್ಲಿರ್ತದ?"

"ಇಲ್ಲೇ. ನಮ್ಮ ಮನ್ಯಾಗ."

"ಹಂಗಾದ್ರ ಬೈಯೋರು ಇಲ್ಲಿಗೇ ಬರ್ತಾರಲ್ರೀ!"

ಕಂಪನಿ ಕಾನೂನಿನ ಬಗ್ಗೆ ಇಂಥ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೈ ತೊಳೆಯಲು ಎದ್ದೆ.

ಕಡೆಗೂ ಅವಳು ಒಪ್ಪಿದಳು, ಆದರೆ ಒಂದು ಶರತ್ತು. ಪಕ್ಕದ ಮನೆಯ ಜಟ್ಟೆಮ್ಮಾಯಿಯೂ ಜೊತೆಗಿರಬೇಕು. ಎಪ್ಪತ್ತರ ಮುದುಕಿ, ರೊಟ್ಟಿ ತಟ್ಟುವುದರಲ್ಲಿ ಜಯಮಾಲಾಳ ಗುರು. ನಾನು ಮನಸ್ಸಿನಲ್ಲೇ ಮಂಡಿಗೆ ಮೆದ್ದೆ. ಇಬ್ಬರು ಹೆಂಗಸರು, ಇಬ್ಬರಿಗೂ ಇಂಗ್ಲಿಷ್ ಬಾರದು. ನಾನು ಎಲ್ಲಿ ತೋರಿಸುತ್ತೇನೋ ಅಲ್ಲಿ ಸಹಿ ಹಾಕುತ್ತಾರೆ. ಮೂವರೂ ಡೈರೆಕ್ಟರು, ಮೂವರಿಗೂ ಸಮಪಾಲು, ಅದರ ಮೇಲೆ ನಾನು ಮ್ಯಾನೇಜಿಂಗ್ ಡೈರೆಕ್ಟರು!

ಮುರಳಿ ಸರ್ ಕಾಗದ ನೋಡಿ ಕನ್ನಡಕ ತೆಗೆದರು. "ಶಿವಪುತ್ರ, ರೊಟ್ಟಿ ತಟ್ಟೋರು ಯಾರಪ್ಪ?"

"ಅವರಿಬ್ಬರು ಸಾರ್."

"ಕಂಪ್ನಿ ಹೆಸರು ಮಾತ್ರ ಶಿವಪುತ್ರ ಫುಡ್ಸ್?"

"ಹೌದು ಸಾರ್."

"ಮೂರು ಜನಕ್ಕೂ ಸಮ ಸಮ ಇಟ್ಟಿದ್ದೀಯ. ಯೋಚ್ನೆ ಮಾಡಿದ್ದೀಯ ತಾನೇ?"

ಮಾಡಿದ್ದೇನೆ ಅಂದೆ. ಅವರು ನಕ್ಕರು. ಆ ನಗೆಯನ್ನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಡಿಜಿಟಲ್ ಸಹಿಗಾಗಿ ಮೊಬೈಲಿನ ಮುಂದೆ ಕೂತು ಹೆಸರು ಹೇಳಿ ವಿಡಿಯೋ ಮಾಡಿಸಬೇಕಿತ್ತು. ಜಯಮಾಲಾ ಹಿಟ್ಟಿನ ಕೈಯಲ್ಲೇ ಸೆರಗು ಹೊದ್ದು ಎರಡು ನಿಮಿಷದಲ್ಲಿ ಮುಗಿಸಿದಳು. ಜಟ್ಟೆಮ್ಮಾಯಿ ಮಾತ್ರ ಹೆಸರಿನ ಜೊತೆಗೆ ತವರುಮನೆ, ಮೊಣಕಾಲು ನೋವು, ಸೊಸೆ ಮಾಡುವ ಸಾರಿನ ರುಚಿ ಎಲ್ಲವನ್ನೂ ಹೇಳಿದ್ದರಿಂದ ಅವಳ ವಿಡಿಯೋ ನಾಲ್ಕು ಸಲ ವಾಪಸ್ಸು ಬಂತು. ಇನ್ನು ಕಂಪನಿಯ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಮಾಲೀಕರಾದ ದೊಡ್ಡಮುನಿಯಪ್ಪನವರು ಕೆಳಗಿನ ಮನೆಯಲ್ಲೇ ಇರುವವರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ರೊಟ್ಟಿಗ್ಯಾಕಪ್ಪಾ ಕಂಪ್ನಿ? ನಮ್ಮವ್ವ ಅರವತ್ತು ವರ್ಸ ಮುದ್ದೆ ತಿರುವಿದ್ಲು, ಸರ್ಕಾರಕ್ಕೆ ಒಂದ್ ಮಾತೂ ತಿಳ್ಸಿರ್ಲಿಲ್ಲ" ಎಂದು ಸಹಿ ಹಾಕಿಕೊಟ್ಟರು.

ಕಾರ ಹುಣ್ಣಿಮೆ ಹೊತ್ತಿಗೆ ಕಂಪನಿ ಹುಟ್ಟಿತು. ಬಾಗಿಲಿಗೆ ಹಿತ್ತಾಳೆ ಬಣ್ಣದ ಬೋರ್ಡು ಹೊಡೆಸಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಏನೋ ಮಾಡಿದನಂತಲ್ಲ, ಹಾಗೆ ನಾನು ಅದರ ಕೆಳಗೆ ಇನ್ನೊಂದು ಬೋರ್ಡನ್ನೂ ಹಾಕಿದೆ: "ಆರ್ಡರ್ ಇಲ್ಲದೆ ರೊಟ್ಟಿ ಕೊಡಲಾಗುವುದಿಲ್ಲ. ಇಂತಿ, ಮ್ಯಾನೇಜಿಂಗ್ ಡೈರೆಕ್ಟರ್."

ಎದುರುಮನೆ ಲೈಬಾ ಶಿವಾಜಿನಗರದ ಹುಡುಗಿ, ಮದುವೆಯಾಗಿ ನಮ್ಮ ಓಣಿಗೆ ಬಂದವಳು. ಅವಳು ತಟ್ಟೆ ಹಿಡಿದು ಬಂದು ಬೋರ್ಡು ಓದಿದಳು. ಒಳಗಿದ್ದ ಜಯಮಾಲಾಳನ್ನು ನೋಡಿ, "ಭಾಭಿ, ಈದ್‌ಗೆ ನಮ್ಮನೆ ಶೀರ್ ಖುರ್ಮಾ ಕುಡಿದ್ರಲ್ಲ, ನಾನೇನೂ ಆರ್ಡರ್ ಕೇಳ್ಲಿಲ್ಲ" ಅಂದಳು. ತಟ್ಟೆಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಹೊರಟುಹೋದಳು. ಜಯಮಾಲಾ ಬಾಗಿಲ ತನಕ ಬಂದು ನಿಂತಳು, ಕರೆಯಲಿಲ್ಲ. ನಾನು ಕೂತಲ್ಲೇ ಇದ್ದೆ. ಆ ಹೊತ್ತಿಗೆ ಎದ್ದು ಬೋರ್ಡು ಕಿತ್ತು ಬಿಸಾಕಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ ಕಾಣೆ.

ಆಮೇಲೆ ಯಾರೂ ಬರಲಿಲ್ಲ. ಪುಂಡಿ ಪಲ್ಯವೂ ಬರಲಿಲ್ಲ. ಬಂದ ಸಣ್ಣಪುಟ್ಟ ಆರ್ಡರಿಗೆ ಜಯಮಾಲಾ ಹೇಳಿದಷ್ಟು ತಟ್ಟುತ್ತಿದ್ದಳು, ಎಣಿಸಿ ಇಡುತ್ತಿದ್ದಳು, ಮಾತು ಮಾತ್ರ ಕಡಿಮೆ. ಮದುವೆಯಾದಾಗಿನಿಂದ ನನ್ನನ್ನು ದಿನಕ್ಕೆ ಎರಡು ಸಲವಾದರೂ ಬೈಯುತ್ತಿದ್ದವಳು ಈಗ ಬೈಯುವುದನ್ನೂ ಬಿಟ್ಟಳು. ಇದು ಶಾಂತಿ ಎಂದು ನಾನು ತಿಳಿದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಶ್ರಾವಣ ಹತ್ತಿರ ಬಂತು. ಇಂದಿರಾನಗರದ ಒಂದು ಆಫೀಸಿನಿಂದ ಮೋನಿಷಾ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. "ಸರ್, ಗುರುವಾರ ನಮ್ಮಲ್ಲಿ ಉತ್ತರ ಕರ್ನಾಟಕ ಫುಡ್ ಡೇ. ಮುನ್ನೂರು ರೊಟ್ಟಿ ಬೇಕಿತ್ತು. ಆಗುತ್ತಾ?"

ಆಗುತ್ತಾ ಎಂದು ನನ್ನನ್ನು ಕೇಳುವುದೇ! ನಮ್ಮ ಮೊದಲನೇ ದೊಡ್ಡ ಆರ್ಡರು. ಒಪ್ಪಿಕೊಂಡೆ. ಇದು ಕೈ ತಪ್ಪಿದರೆ ಕಂಪನಿಯ ಮಾನ ಹೋಯಿತೆಂದೇ ಲೆಕ್ಕ. ಜಯಮಾಲಾಳಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ನೋಡಿದಳು.

"ಗುರುವಾರ ಏನದ, ಗೊತ್ತದ ಇಲ್ಲ?"

"ಗೊತ್ತದ. ಫುಡ್ ಡೇ."

ಅವಳು ಎದ್ದು ಹಿಟ್ಟಿನ ಡಬ್ಬಿ ಇಳಿಸಿದಳು. ಅವಳೂ ಜಟ್ಟೆಮ್ಮಾಯಿಯೂ ಮೂರು ದಿನ ಕೂತು, ವಾರಗಟ್ಟಲೆ ಕೆಡದ ಗರಿಗರಿ ಕಟಿ ರೊಟ್ಟಿ ತಟ್ಟಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಇತ್ತು. ಗುರುವಾರ ಬೆಳಿಗ್ಗೆ ಎಲ್ಲ ಬಿದಿರು ಬುಟ್ಟಿಗಳಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೂಡ್ಸ್ ಆಟೋ ತರಲು ಹೋದೆ. ಅದಕ್ಕೊಂದು ಗಂಟೆ ಹಿಡಿಯಿತು.

ವಾಪಸ್ಸು ಬಂದರೆ ನಮ್ಮ ಓಣಿಯಲ್ಲಿ ಜಾತ್ರೆ! ಮನೆ ಮನೆಯ ಹೆಂಗಸರು ಹೊಸ ಸೀರೆ ಉಟ್ಟು, ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ನಮ್ಮ ಮನೆಗೆ ಬರುವವರು, ಹೋಗುವವರು. ಆಗ ನನ್ನ ತಲೆಗೆ ಹೊಳೆಯಿತು. ನಾಗಚೌತಿಯ ಮುಂಚಿನ ದಿನ. ರೊಟ್ಟಿ ಹಬ್ಬ! ನಮ್ಮ ಕಡೆ ಅವತ್ತು ಪ್ರತಿ ಮನೆಯ ರೊಟ್ಟಿ ಇನ್ನೊಂದು ಮನೆಗೆ ಹೋಗಬೇಕು, ಅವರದು ನಮ್ಮ ಮನೆಗೆ ಬರಬೇಕು. ತಟ್ಟೆ ಹಿಡಿದು ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ. ಸೇಡಂನಲ್ಲಿ ಹುಟ್ಟಿದ ನಾನು ರೊಟ್ಟಿ ಮಾರುವ ಭರದಲ್ಲಿ ರೊಟ್ಟಿ ಹಬ್ಬವನ್ನೇ ಮರೆತಿದ್ದೆ.

ಓಡಿಹೋಗಿ ಬುಟ್ಟಿಯ ಬಟ್ಟೆ ಎತ್ತಿದೆ. ಬುಟ್ಟಿಗಳೇನೋ ತುಂಬಿದ್ದವು. ಆದರೆ ಜಯಮಾಲಾಳ ರೊಟ್ಟಿ ಒಂದೂ ಇರಲಿಲ್ಲ. ದಪ್ಪನೆಯವು, ಸೀದವು, ಅಂಚು ಒಡೆದವು, ಹಿಡಿಯಷ್ಟು ಖಾರ ಹಾಕಿದವು. ಹಬ್ಬದ ಸುದ್ದಿ ತಿಳಿದು ದೊಡ್ಡಮುನಿಯಪ್ಪನವರ ಹೆಂಡತಿ ರಾಗಿ ರೊಟ್ಟಿ ತಂದಿದ್ದರು. ಲೈಬಾ ಪರಾಟ ತಂದಿದ್ದಳು. ಮೂಲೆಮನೆಯವರು ಅಕ್ಕಿ ರೊಟ್ಟಿ.

"ಜಯಾ! ಇದೇನ್ ಮಾಡಿದಿ! ಅದು ಕಂಪನಿ ರೊಟ್ಟಿ!"

ಅವಳು ಒಂದೂವರೆ ತಿಂಗಳ ಮೇಲೆ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು. "ಹಬ್ಬದ ದಿನಾ ಬಾಗಲಿಗಿ ಬಂದವರಿಗಿ 'ಆರ್ಡರ್ ಅದ ಏನ್ರೀ' ಅಂತ ಕೇಳ್ಲಾ? ನೀವು ಬೋರ್ಡ್ ಹಾಕಿದ ಮ್ಯಾಲೂ ಬಂದಾರ್ರೀ ಅವರು. ನಾ ಬ್ಯಾಡ ಅಂದ್ರ ಈ ಓಣ್ಯಾಗ ನಂದೇನ್ ಉಳೀತದ?"

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಮಾನ ಹೋಗುವುದಾದರೆ ತುಂಬಿದ ಬುಟ್ಟಿಯ ಜೊತೆಗೇ ಹೋಗಲಿ ಎಂದು ಎಲ್ಲವನ್ನೂ ಹೇರಿಕೊಂಡು ಹೊರಟೆ.

ಇಂದಿರಾನಗರದಲ್ಲಿ ಬುಟ್ಟಿ ಬಿಚ್ಚಿದೆ. ಜನ ಮುತ್ತಿಕೊಂಡರು. ಒಬ್ಬ ರಾಗಿ ರೊಟ್ಟಿ ಕಚ್ಚಿ ಅಜ್ಜಿಯ ಹೆಸರು ಹೇಳಿದ. ಇನ್ನೊಬ್ಬಳು ಪರಾಟ ಹಿಡಿದು ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಖಾರದ ರೊಟ್ಟಿ ತಿಂದವನು ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದ. ಮೋನಿಷಾ ನನ್ನ ಹತ್ತಿರ ಬಂದಳು.

"ಸರ್, ಸೂಪರ್! ಒಂದೊಂದೂ ಒಂದೊಂದು ಮನೇದ್ ಥರ ಇದೆ. ಯಾರ ಐಡಿಯಾ ಇದು?"

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಎದೆ ಮುಂದೆ ಮಾಡಿ "ನಂದೇ, ಮೇಡಂ" ಅಂದೆ. "ಹಾಗಿದ್ರೆ ಪ್ರತಿ ಗುರುವಾರ ಇದೇ ಕಳಿಸಿ" ಅಂದಳು.

ಈಗ ಫಜೀತಿ. ಅದೇ ಬೇಕೆಂದರೆ ಓಣಿಯ ಅಷ್ಟೂ ಮನೆಯವರು ಬೇಕು. ಓಣಿಯವರನ್ನು ಕೇಳಿ ಬರಲು ಜಯಮಾಲಾಳಿಗೆ ಹೇಳಿ, ಭಾನುವಾರ ನಾನೇ ಬೋರ್ಡ್ ಮೀಟಿಂಗ್ ಕರೆದೆ. ಜಮಖಾನೆ ಹಾಸಿ, ನಡಾವಳಿ ಪುಸ್ತಕ ತೆರೆದು, ಮ್ಯಾನೇಜಿಂಗ್ ಡೈರೆಕ್ಟರ ದೂರದೃಷ್ಟಿಯನ್ನು ಅಭಿನಂದಿಸುವ ನಿರ್ಣಯವನ್ನು ಮೊದಲೇ ಬರೆದಿಟ್ಟಿದ್ದೆ.

"ಓಣಿಯವರು ರೊಟ್ಟಿ ಕೊಡ್ಲಾಕ ತಯಾರ್ ಅದಾರ ಖರೇ, ಆದ್ರ ಒಂದು ಮಾತು ಅಂದಾರ" ಅಂದಳು ಜಯಮಾಲಾ.

"ಏನು? ಬೋರ್ಡ್ ತೆಗೀಬೇಕಾ? ತೆಗೀತೀನಿ."

ಜಟ್ಟೆಮ್ಮಾಯಿ ಕುಟ್ಟಿದ ಎಲೆ ಅಡಿಕೆ ದವಡೆಗೆ ಸರಿಸಿ ಹೇಳಿದಳು, "ಬೋರ್ಡ್ ಅಷ್ಟೇ ಅಲ್ಲೋ ತಮ್ಮಾ. ಬೋರ್ಡ್ ಹಾಕಿದವನನ್ನೂ ತೆಗೀರಿ ಅಂದಾರ."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಇಬ್ಬರೂ ಒಟ್ಟಿಗೆ ಕೈ ಎತ್ತಿದರು. ಮೂವರಲ್ಲಿ ಇಬ್ಬರು ಅಂದರೆ ಬಹುಮತ. ಈ ಕಾನೂನನ್ನು ಕಂಪನಿ ಶುರುವಿನಲ್ಲಿ ಹೆಮ್ಮೆಯಿಂದ ಅವರಿಗೆ ಹೇಳಿಕೊಟ್ಟವನೂ ನಾನೇ. ನಡಾವಳಿ ಬರೆಯಲು ಬೇರೆ ಯಾರಿಗೂ ಬಾರದ್ದರಿಂದ "ಶ್ರೀ ಶಿವಪುತ್ರ ಇವರನ್ನು ಮ್ಯಾನೇಜಿಂಗ್ ಡೈರೆಕ್ಟರ್ ಹುದ್ದೆಯಿಂದ ಇಳಿಸಲಾಯಿತು" ಎಂದು ನಾನೇ ಬರೆದೆ. ಅಕ್ಷರ ಮಾತ್ರ ದುಂಡಗೆ ಬಂತು. ಬರೆಯುತ್ತಿದ್ದಾಗಲೇ ಜಯಮಾಲಾ ಇಣುಕಿ ನೋಡಿ, "'ಇವರನ್ನು' ಅಂತ ಮರ್ಯಾದಿಲೇ ಬರೀರಿ, ಎಷ್ಟಂದ್ರೂ ಗಂಡ" ಅಂದಳು.

"ಹಂಗಾದ್ರ ಕಂಪನ್ಯಾಗ ನನ್ನ ಕೆಲಸ ಏನು?"

"ಇಲ್ಲಿ ರೊಟ್ಟಿ ಕೊಟ್ಟವರದೇ ಮಾತು ನಡೀತದ. ನೀವೂ ಒಂದು ತಟ್ಟಿ ಕೊಡ್ರಿ, ಆಮ್ಯಾಲ ನೋಡೋಣು."

ಮರುದಿನ ಸಂಜೆ ಕಚೇರಿಯಿಂದ ಬಂದವನು ಹಠದಿಂದ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತೆ. ನಾದಿದೆ, ತಟ್ಟಿದೆ, ಬೆವರಿದೆ. ಹರಿದಲ್ಲೆಲ್ಲ ಹೆಬ್ಬೆರಳಿನಿಂದ ಒತ್ತಿ ತೇಪೆ ಹಚ್ಚಿದೆ. ಕಡೆಗೆ ರೊಟ್ಟಿ ಎಂದು ಕರೆಯಬಹುದಾದ ಒಂದು ವಸ್ತು ಸಿದ್ಧವಾಯಿತು. ಅದನ್ನು ಬೇಯಿಸುವಾಗ ಜಯಮಾಲಾಳ ಕೈ ಎಷ್ಟು ವರ್ಷದಿಂದ ಸುಟ್ಟಿರಬೇಕು ಎಂದು ಮೊದಲ ಸಲ ಯೋಚಿಸಿ ನಾಚಿಕೆಯಾಯಿತು. ಅವಳು ಅದನ್ನು ತನ್ನ ನಾಲ್ಕು ರೊಟ್ಟಿಯ ಅಡಿಯಲ್ಲಿ ಇಟ್ಟುಕೊಂಡು ದೊಡ್ಡಮುನಿಯಪ್ಪನವರ ಮನೆಗೆ ಕೊಟ್ಟುಬಂದಳು. ಶ್ರಾವಣ ಮುಗಿಯುವ ತನಕ ಓಣಿಯಲ್ಲಿ ರೊಟ್ಟಿ ಓಡಾಡುತ್ತಲೇ ಇರುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ.

ಬುಧವಾರ ಊಟಕ್ಕೆ ಕೂತೆ. ತಟ್ಟೆಗೆ ಬಿದ್ದ ರೊಟ್ಟಿ ಟಣ್ಣೆಂದಿತು. ನೋಡಿದರೆ ಅಂಚಿನಲ್ಲಿ ನನ್ನದೇ ಹೆಬ್ಬೆರಳಿನ ಗುಂಡಿಗಳು.

"ಇದು ಎಲ್ಲಿಂದ ಬಂತು?" ಅಂದೆ ಮೆಲ್ಲಗೆ.

"ಮುನಿಯಪ್ಪನವರು ಲೈಬಾಗ ಕೊಟ್ರು. ಲೈಬಾ ಜಟ್ಟೆಮ್ಮಾಯಿಗಿ ಕೊಟ್ಳು. ಆಯಿಗೆ ಹಲ್ಲಿಲ್ಲ, ನಮಗ ಕೊಟ್ಳು."

ನಾನು ತಲೆ ತಗ್ಗಿಸಿ ಮುರಿಯಲು ನೋಡಿದೆ. ಆಗಲಿಲ್ಲ. ಜಯಮಾಲಾ ಪಕ್ಕದಲ್ಲಿ ಕೂತು, ಎರಡೂ ಕೈಯಿಂದ ಮುರಿದು, ಅರ್ಧ ತನ್ನ ತಟ್ಟೆಗೆ ಹಾಕಿಕೊಂಡಳು. ನನ್ನ ಕಣ್ಣು ತುಂಬಿತು. ಬೋರ್ಡು ಹಾಕಿದಾಗಿನಿಂದ ಅವಳು ನನ್ನ ಜೊತೆ ಉಂಡಿರಲಿಲ್ಲ.

"ಜಯಾ, ಓಣಿಯವರು ಏನಂದ್ರು?"

"ಯಾರ್ ಮಾಡ್ಯಾರ ಅಂತ ಎಲ್ಲಾರೂ ಕೇಳಿದ್ರು" ಅಂದಳು, ಅಗಿಯುತ್ತ. "ನಾ ಹೇಳಿಲ್ಲ. ಕಂಪನಿ ಹೆಸರು ಕೆಡ್ತದ."